ಮೂರು ಗಂಟೆ ಮೊದಲೇ ಹಾಕಿ

ಕ್ಲೈವ್ ಡಂಗ್‌ವರ್ತ್ ನನ್ನ ಮನೆಯ ಬಾಗಿಲು ತಟ್ಟಿದ್ದು ನಲವತ್ತೈದು ವರ್ಷಗಳ ನಂತರ. ಕೈಯಲ್ಲಿ ಹೂವಿತ್ತು. ಪೆಟ್ರೋಲ್ ಬಂಕಿನಲ್ಲಿ ಬಕೆಟ್ಟಿನಲ್ಲಿಟ್ಟು ಮಾರುವಂಥ ಹೂವು. ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯಲು ನೋಡಿ ಅರ್ಧಕ್ಕೇ ಬಿಟ್ಟಿದ್ದ. ಹಾಡುವುದೊಂದನ್ನು ಬಿಟ್ಟರೆ ಈ ಮನುಷ್ಯ ಯಾವ ಕೆಲಸವನ್ನೂ ಪೂರ್ತಿ ಮಾಡಿದ್ದನ್ನು ನಾನು ಕಂಡಿಲ್ಲ.

ಚಹಾ ಮಾಡಿಕೊಟ್ಟೆ. ಮನೆಗೆ ಯಾರೇ ಬರಲಿ, ದೆವ್ವವೇ ಬರಲಿ, ಮೊದಲು ನೀರು ಕಾಯಲು ಇಡುವುದು ನಮ್ಮಮ್ಮನಿಂದ ಬಂದ ಅಭ್ಯಾಸ. ಅವನು ಅಡುಗೆಮನೆಯನ್ನೆಲ್ಲ ಒಮ್ಮೆ ನೋಡಿ, ಮನೆ ಚೆನ್ನಾಗಿಟ್ಟಿದ್ದೀಯ ಚಿನ್ನ ಎಂದ. ಶೆಫೀಲ್ಡಿನಲ್ಲಿ ಬಸ್ಸಿನವನೂ ಚಿನ್ನ ಅನ್ನುತ್ತಾನೆ, ಮೀನಿನಂಗಡಿಯವನೂ ಅನ್ನುತ್ತಾನೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇವನು ಲಂಡನ್ನಿನಲ್ಲಿ ಮೂವತ್ತು ವರ್ಷ ಇದ್ದು ಆ ಮಾತನ್ನು ಮರೆತು, ಸಂದರ್ಶನಗಳಿಗೋಸ್ಕರ ಮತ್ತೆ ಕಲಿತವನು. ಅವನ ಬಾಯಲ್ಲಿ ಅದು ಬಾಡಿಗೆಗೆ ತಂದ ಕೋಟಿನ ಹಾಗಿತ್ತು.

ಬಂದ ಕಾರಣ ಹೇಳಿದ. ಟೌನ್ ಹಾಲಿನ ಮುಂದಿನ ನೆಲದಲ್ಲಿ ನಮ್ಮ ಬ್ಯಾಂಡಿನ ಹೆಸರಿನ ಕಲ್ಲು ಹಾಸುತ್ತಾರಂತೆ. ಅದಕ್ಕೆ ಮೊದಲು ಒಳಗೆ ಒಂದು ಸಮಾರಂಭ, ಮೇಯರ್ ಭಾಷಣ, ಆಮೇಲೆ ನಮ್ಮ ಹೆಸರಾದ ಆ ಹಾಡು. ಮ್ಯೂಸಿಯಂನಲ್ಲಿರುವ ಹಳೆಯ ಸಿಂಥಸೈಜರ್ ಯಂತ್ರದಲ್ಲೇ ನುಡಿಸಬೇಕು ಎಂದು ಎಲ್ಲರಿಗೂ ಆಸೆ. ರಿಪೇರಿಯವನು ಮುಚ್ಚಳ ತೆಗೆದರೆ ಒಳಗೆ ಒಂದು ಕಾಗದ ಅಂಟಿಸಿದೆ: ಹಿಲರಿ ಸ್ಟ್ಯಾನಿಫೋರ್ತ್ ಕಟ್ಟಿದ್ದು, ಮೂರು ಗಂಟೆ ಮೊದಲೇ ಹಾಕಿ. ಹಾಗಾಗಿ ಮ್ಯೂಸಿಯಂನವರು ಈ ಹಿಲರಿ ಯಾರು ಎಂದು ಕ್ಲೈವ್‌ನನ್ನು ಕೇಳಿದರು.

"ಯಾರು ಅಂತ ಹೇಳಿದೆ ನೀನು?" ಎಂದೆ.

"ಹಳೇ ಸ್ನೇಹಿತೆ ಅಂದೆ."

ಹಳೆಯ ಸ್ನೇಹಿತೆ! ವಿಂಟರ್ ಡಿಪೋ ಎಂಬ ಬ್ಯಾಂಡಿನಲ್ಲಿ ಮೊದಲು ಇದ್ದದ್ದೇ ಮೂರು ಜನ. ಕ್ಲೈವ್ ಹಾಡುತ್ತಿದ್ದ. ನೆವಿಲ್ ಹೌಸ್ಲಿ ಎಂಬ ಸಂಕೋಚದ ಹುಡುಗ ಒಂದು ಯಂತ್ರ ನುಡಿಸುತ್ತಿದ್ದ. ಇನ್ನೊಂದು ಯಂತ್ರ ನನ್ನದು. ಗಿಟಾರಿಲ್ಲ, ಡ್ರಮ್ಮಿಲ್ಲ, ಬರೀ ಗುಂಡಿಗಳು, ತಂತಿಗಳು, ಕೀಲಿಮಣೆ. ನಾವು ಪಬ್ಬಿಗೆ ಸಾಮಾನು ಹೊತ್ತು ಹೋದರೆ ಟಿವಿ ರಿಪೇರಿಯವರು ಬಂದರು ಎಂದು ಜನ ನಗುತ್ತಿದ್ದರು. ನೆವಿಲ್ ಐದು ವರ್ಷದ ಹಿಂದೆ ತೀರಿಕೊಂಡ. ಅಂದರೆ ಮೊದಲಿನ ದಿನಗಳನ್ನು ಬಲ್ಲವರು ಈಗ ಆ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ ನಾವಿಬ್ಬರೇ.

ಹಾಡಿನ ಹೆಸರು ‘ಪಾಳಿ ಮುಗಿದ ಮೇಲೆ’. ಎಂಬತ್ತನೇ ಇಸವಿಯ ಬೇಸಿಗೆಯಲ್ಲಿ ಇಡೀ ದೇಶದ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಆಮೇಲೆ ಬ್ಯಾಂಡಿನವರು ಐದು ಆಲ್ಬಂ ಮಾಡಿದರು, ಒಂದಕ್ಕಿಂತ ಒಂದು ಸಪ್ಪೆ. ಕೊನೆಗೆ ಜಗಳವಾಡಿ ಬೇರೆಯಾದರು. ಆದರೆ ಈ ಒಂದು ಹಾಡು ಸಾಯಲಿಲ್ಲ. ಬಿಸ್ಕತ್ತಿನ ಜಾಹೀರಾತಿಗೆ ಬಂತು, ಸಿನಿಮಾಕ್ಕೆ ಬಂತು, ಮದುವೆಗಳಿಗೆ, ಶವಸಂಸ್ಕಾರಗಳಿಗೆ ಬಂತು. ಅದರಲ್ಲಿ ಒಂದು ಯಂತ್ರದ ಸ್ವರವಿದೆ. ಹಾಡು ಶುರುವಾಗುವಾಗ ಒಂದು ಕೂದಲೆಳೆಯಷ್ಟು ಕೆಳಗಿರುತ್ತದೆ. ಮೂರೂವರೆ ನಿಮಿಷ ಸ್ವಲ್ಪ ಸ್ವಲ್ಪವೇ ಏರುತ್ತ ಬಂದು, "ಮನೆಗೆ ಬಂದೆ" ಎಂಬ ಕಡೆಯ ಸಾಲಿನಲ್ಲಿ ಮಾತ್ರ ಸರಿಯಾದ ಜಾಗಕ್ಕೆ ಬಂದು ಕೂರುತ್ತದೆ. ಆ ಸಾಲಿಗೆ ಬಂದಾಗ ಜನ ಅಳುತ್ತಾರೆ, ಯಾಕೆಂದು ಅವರಿಗೇ ತಿಳಿಯದು. ಆ ಸ್ವರ ಕಟ್ಟಲು ಎರಡು ತಲೆಮಾರಿನ ಹುಡುಗರು ಒದ್ದಾಡಿದ್ದಾರೆ.

"ರಿಪೇರಿಯವನು ಏನು ಮಾಡಿದ್ರೂ ಆ ಸದ್ದು ಬರ್ತಿಲ್ಲ ಕಣೆ. ನಿನಗೆ ಮಾತ್ರ ಆ ಯಂತ್ರದ ಬುದ್ಧಿ ಗೊತ್ತು" ಎಂದ ಕ್ಲೈವ್.

"ರೆಕಾರ್ಡಿನಲ್ಲಿ ಅದು ಹಾಗೆ ಯಾಕೆ ಬಂತು ಹೇಳು ನೋಡೋಣ."

ಅವನು ಕಣ್ಣು ಅರೆ ಮುಚ್ಚಿ, ನೂರು ಸಂದರ್ಶನಗಳಲ್ಲಿ ಹೇಳಿದ್ದನ್ನೇ ನನಗೂ ಹೇಳಿದ. ಈ ಊರಿನ ಕುಲುಮೆಗಳು ಒಂದೊಂದಾಗಿ ಆರುತ್ತಿದ್ದ ಸದ್ದನ್ನು ಹಿಡಿಯಬೇಕು ಎಂದು ತಾನೇ ಗುಂಡಿಯನ್ನು ಇಷ್ಟೇ ಇಷ್ಟು ತಿರುಗಿಸಿದೆನಂತೆ. ಅವನಪ್ಪ ಬ್ಯಾಂಕಿನ ಮ್ಯಾನೇಜರ್. ಊರಿನ ಹೊಗೆ ತಾಗದ ಗುಡ್ಡದ ಮೇಲೆ ಮನೆ. ಕುಲುಮೆಯನ್ನು ಅವನು ನೋಡಿದ್ದು ಬಸ್ಸಿನ ಕಿಟಕಿಯಿಂದ. ಹೇಳಿ ಹೇಳಿ ಅವನಿಗೇ ಅದು ನಿಜವಾಗಿಬಿಟ್ಟಿದೆ ಎಂದುಕೊಂಡೆ.

ನಡೆದದ್ದು ಬೇರೆ.

ಆಗ ನಾನು ಲಿಫ್ಟುಗಳ ಸ್ವಿಚ್‌ಬೋರ್ಡು ಮಾಡುವ ಕಾರ್ಖಾನೆಯಲ್ಲಿ ತಂತಿ ಜೋಡಿಸುವ ಕೆಲಸಕ್ಕಿದ್ದೆ. ಅಂಚೆಯಲ್ಲಿ ಬಿಡಿಭಾಗ ತರಿಸಿ, ಏಳು ತಿಂಗಳು ಊಟದ ಮೇಜಿನ ಮೇಲೆ ಬೆಸುಗೆ ಹಾಕಿ ಆ ಯಂತ್ರ ಕಟ್ಟಿದೆ. ಅದಕ್ಕೆ ಚಳಿ ಆಗಿಬರುತ್ತಿರಲಿಲ್ಲ. ತಣ್ಣಗಿದ್ದರೆ ಸ್ವರ ಕೆಳಗೆ ಜಾರುತ್ತಿತ್ತು, ಬಿಸಿಯಾಗುತ್ತ ಮೇಲೇರುತ್ತಿತ್ತು. ಒಂದೇ ಕಡೆ ನಿಲ್ಲಬೇಕಾದರೆ ಮೂರು ಗಂಟೆ ಮೊದಲೇ ಸ್ವಿಚ್ ಹಾಕಿಡಬೇಕು. ನಾವು ಹಳೆಯ ಚಾಕು ಕಾರ್ಖಾನೆಯೊಂದರ ಮೇಲಿನ ಕೋಣೆಯಲ್ಲಿ ನುಡಿಸುತ್ತಿದ್ದೆವು. ಗಂಡಸರಿಬ್ಬರೂ ಹತ್ತಕ್ಕೆ ಬಂದರೆ ನಾನು ಏಳಕ್ಕೇ ಹೋಗಿ ಯಂತ್ರ ಹಾಕಿ, ಅಮ್ಮನ ಹಳೆಯ ಉಣ್ಣೆಯ ಶಾಲು ಹೊದಿಸಿ ಕಾಯುತ್ತಿದ್ದೆ. ಅದು ನನ್ನ ಕೆಲಸ ಎಂದು ಯಾರೂ ಹೇಳಿರಲಿಲ್ಲ, ಯಾರೂ ಬೇಡ ಎಂದಿರಲೂ ಇಲ್ಲ.

ಎಂಬತ್ತರ ಜನವರಿ. ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರ. ಯಾರೂ ಕೆಲಸಕ್ಕೆ ಹೋಗದಂತೆ ತಡೆಯಲು ಅಪ್ಪ ಬೆಳಗ್ಗೆ ಐದಕ್ಕೇ ತಮ್ಮ ಕಾರ್ಖಾನೆಯ ಗೇಟಿನ ಮುಂದೆ ನಿಲ್ಲಲು ಹೋಗುತ್ತಿದ್ದರು. ಆ ದಿನ ನಮ್ಮದು ರೆಕಾರ್ಡಿಂಗ್. ಲಂಡನ್ ಕಂಪನಿಯವರು ತಮ್ಮ ಸಾಮಾನು ತಂದು ನಮ್ಮ ಕೋಣೆಯಲ್ಲೇ ಹತ್ತರಿಂದ ಎರಡರವರೆಗೆ ಹಾಡುಗಳನ್ನು ಟೇಪಿನಲ್ಲಿ ಹಿಡಿದುಕೊಂಡು ಹೋಗುತ್ತೇವೆ ಎಂದಿದ್ದರು. ನಾನು ಆರೂವರೆಗೆ ಮನೆ ಬಿಟ್ಟೆ. ಅಪ್ಪ ಒಣ ಸಾಕ್ಸು ಮರೆತು ಹೋಗಿದ್ದರು. ಕೊಟ್ಟು ಹಾಗೇ ಹೋಗೋಣ ಎಂದು ಗೇಟಿನ ಬಳಿ ಬಸ್ಸಿಳಿದೆ.

ತೂತು ಮಾಡಿದ ಡ್ರಮ್ಮಿನಲ್ಲಿ ಬೆಂಕಿ ಉರಿಯುತ್ತಿತ್ತು. ಸುತ್ತ ಮೂವತ್ತು ನಲವತ್ತು ಗಂಡಸರು. ನಾನು ಸಾಕ್ಸು ಕೊಡುವ ಹೊತ್ತಿಗೆ ಸರಿಯಾಗಿ ಬರ್ನಾರ್ಡ್ ಬಂದ. ಅಪ್ಪನ ಜೊತೆ ಇಪ್ಪತ್ತೆರಡು ವರ್ಷ ಒಂದೇ ಕುಲುಮೆಯ ಮುಂದೆ ನಿಂತವನು, ನನಗೆ ಸೈಕಲ್ ಕಲಿಸಿದವನು. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ, ಎಲ್ಲರ ನಡುವಿನಿಂದ ನಡೆದು ಗೇಟಿನ ಒಳಗೆ ಕೆಲಸಕ್ಕೆ ಹೋಗಿಬಿಟ್ಟ. ಉಳಿದವರು ಬಾಯಿಗೆ ಬಂದಂತೆ ಬೈದರು. ಅಪ್ಪ ಬೈಯಲಿಲ್ಲ. ಗ್ಲೌಸು ತೆಗೆದು, ಯಾಕೆ ತೆಗೆದೆ ಎಂದು ಮರೆತವರ ಹಾಗೆ ನಿಂತರು.

"ಸ್ವಲ್ಪ ಹೊತ್ತು ಇರ್ತೀಯ ಪುಟ್ಟಿ?" ಎಂದರು.

ನಮ್ಮಪ್ಪ ಯಾರಲ್ಲೂ ಏನನ್ನೂ ಕೇಳುವ ಗಂಡಸಲ್ಲ. ಉಪ್ಪಿನ ಡಬ್ಬಿ ದೂರವಿದ್ದರೆ ತಾವೇ ಎದ್ದು ಬರುತ್ತಿದ್ದರು. ನಾನು ಇದ್ದೆ. ಅವರ ಕೈಯನ್ನು ನನ್ನ ಕೋಟಿನ ಜೇಬಿನೊಳಗೆ ಇಟ್ಟುಕೊಂಡು ನಿಂತೆ. ಮಂಜುಗಡ್ಡೆಯಷ್ಟು ತಣ್ಣಗಿದ್ದ ಕೈ. ಏಳಾಯಿತು, ಎಂಟಾಯಿತು. ಯಂತ್ರದ ನೆನಪು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು. ಆದರೆ ಕೈ ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ.

ಹತ್ತಕ್ಕೆ ಐದು ನಿಮಿಷವಿರುವಾಗ ಓಡಿಹೋಗಿ ಸ್ವಿಚ್ ಹಾಕಿದೆ. ಕೋಣೆಯ ಕಿಟಕಿಗಳ ಒಳಗಡೆಯೇ ಹಿಮ ಕಟ್ಟಿತ್ತು. ಕಂಪನಿಯವರಿಗೆ ಅವಸರ. ಮೊದಲ ಸಲಕ್ಕೇ ‘ಪಾಳಿ ಮುಗಿದ ಮೇಲೆ’ ಹಿಡಿದರು. ನನ್ನ ಯಂತ್ರ ಕೆಳಗಿಂದ ಶುರುವಾಗಿ, ಮೈ ಬಿಸಿಯಾಗುತ್ತ ಆಗುತ್ತ ಏರಿತು. ಕ್ಲೈವ್ ಅದರ ಹಿಂದೆ ತಡಕಾಡುತ್ತ ಹಾಡಿದ. ಅವನ ದನಿಯಲ್ಲಿ ಜನ ಇವತ್ತಿಗೂ ಹೊಗಳುವ ಆ ಒಡಕಿದೆಯಲ್ಲ, ಅದು ಸ್ವರ ಸಿಗದೆ ಹೆದರಿದವನ ಒಡಕು. ಮತ್ತೆ ಹಿಡಿಯೋಣವೇ ಎಂದು ನೆವಿಲ್ ಕೇಳಿದ. ಹೊತ್ತಿಲ್ಲ, ಮುಂದಿನ ಹಾಡು ಎಂದರು.

ಹತ್ತು ದಿನದ ನಂತರ ಬಸ್ ಸ್ಟಾಪಿನಲ್ಲಿ ನೆವಿಲ್ ಸಿಕ್ಕಿದ. ಎದುರಿನ ಅಂಗಡಿಯೊಳಗೆ ಕ್ಲೈವ್ ಆಲೂಗಡ್ಡೆ ಚಿಪ್ಸಿಗೆ ವಿನಿಗರ್ ಹಾಕಿಸಿಕೊಳ್ಳುತ್ತ ನಮಗೆ ಬೆನ್ನು ಮಾಡಿ ನಿಂತಿದ್ದ. ಹೊತ್ತಿಗೆ ಸರಿಯಾಗಿ ಸ್ವಿಚ್ ಹಾಕಲಾಗದವಳನ್ನು ನಂಬಿ ಲಂಡನ್ನಿಗೆ ಹೋಗುವುದು ಹೇಗೆ ಎಂದು ಕ್ಲೈವ್ ಹೇಳಿದನಂತೆ, ಇನ್ನು ಮೇಲೆ ನಾನು ಬ್ಯಾಂಡಿನಲ್ಲಿಲ್ಲವಂತೆ. ನೆವಿಲ್ ಇದನ್ನು ನನ್ನ ಬೂಟಿಗೆ ಹೇಳಿದ, ಮುಖ ನೋಡಲಿಲ್ಲ. ನಾನು ವಾದ ಮಾಡಲಿಲ್ಲ. ತಪ್ಪು ನನ್ನದೇ ಎಂದು ನಂಬಿದ್ದೆ. ಯಂತ್ರ ಅಲ್ಲೇ ಉಳಿಯಿತು. ಅದನ್ನು ಹೊತ್ತು ಬಸ್ಸು ಹತ್ತುವಂತಿರಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ.

ಹಾಡು ರೇಡಿಯೋದಲ್ಲಿ ಬಂದಾಗ ಗೊತ್ತಾಯಿತು. ಜನರಿಗೆ ಹಿಡಿಸಿದ್ದು ಆ ತಪ್ಪೇ. ಟಿವಿಯಲ್ಲಿ ನನ್ನ ಯಂತ್ರದ ಹಿಂದೆ ಕ್ಲೈವ್‌ನ ಚಿಕ್ಕಪ್ಪನ ಮಗ ಜೂಲಿಯನ್ ನಿಂತಿದ್ದ. ಕೂದಲನ್ನು ಒಂದು ಕಣ್ಣಿನ ಮೇಲೆ ಇಳಿಬಿಟ್ಟು, ಟೇಪಿನಿಂದ ಬರುತ್ತಿದ್ದ ನನ್ನ ಬೆರಳುಗಳಿಗೆ ತನ್ನ ಬೆರಳು ಆಡಿಸುತ್ತಿದ್ದ. ಆ ಮುಖವನ್ನೇ ದೇಶ ನೆನಪಿಟ್ಟುಕೊಂಡಿತು. ನಾನು ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಕಸ್ಟರ್ಡ್ ತಿರುವಿದೆ. ಅಲ್ಲಿನ ರೇಡಿಯೋದಲ್ಲಿ ಆ ಹಾಡು ಬಂದಾಗಲೆಲ್ಲ ಜೊತೆಯವರು ಗುನುಗುತ್ತಿದ್ದರು. ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಯಾರು ನಂಬುತ್ತಿದ್ದರು? ಅಪ್ಪ ಎಂಬತ್ತನಾಲ್ಕನೇ ಇಸವಿಯಲ್ಲಿ ತೀರಿಹೋದರು. ಅಪ್ಪನ ಆ ಬೆಳಗಿನ ಕೈ ಈ ಲೋಕದಲ್ಲಿ ಎಲ್ಲಾದರೂ ಉಳಿದಿದ್ದರೆ ಆ ಮೂರೂವರೆ ನಿಮಿಷದಲ್ಲಿ ಉಳಿದಿದೆ ಎಂದುಕೊಂಡು ಬದುಕಿದೆ. ಅದಕ್ಕೆ ಒಬ್ಬರಾದರೂ ನನ್ನ ಹೆಸರು ಸೇರಿಸಿ ಹೇಳಲಿ ಎಂಬುದೊಂದು ಹಾಳು ಆಸೆ ಮಾತ್ರ ಬಿಡಲಿಲ್ಲ.

ಇದನ್ನೇ ಕ್ಲೈವ್‌ನಿಗೆ ಹೇಳಿದೆ. ಅಪ್ಪನ ಕೈ ಹಿಡಿದು ನಿಂತ ವಿಷಯವಲ್ಲ, ಹೆಸರಿನ ವಿಷಯ.

"ಕಲ್ಲಿನ ಮೇಲೆ ನನ್ನ ಹೆಸರು ಹಾಕ್ಸು."

"ಕಲ್ಲು ಕೆತ್ತಿ ಆಗಿದೆ ಚಿನ್ನ. ನಾನು, ನೆವಿಲ್, ಜೂಲಿಯನ್."

"ಹಾಗಾದ್ರೆ ಮೈಕಿನಲ್ಲಿ ಹೇಳು. ಈ ಯಂತ್ರ ಕಟ್ಟಿದವಳು ಹಿಲರಿ ಸ್ಟ್ಯಾನಿಫೋರ್ತ್, ಆ ರೆಕಾರ್ಡಿನಲ್ಲಿ ನುಡಿಸಿದವಳೂ ಅವಳೇ ಅಂತ. ಅಷ್ಟು ಸಾಕು."

ಹೇಳುತ್ತೇನೆ ಎಂದ. ಒಂದಕ್ಷರ ಬಿಡದೆ ಅವನ ಬಾಯಲ್ಲೇ ಮತ್ತೊಮ್ಮೆ ಹೇಳಿಸಿದೆ. ನುಡಿಸುವುದು ಮಾತ್ರ ಜೂಲಿಯನ್, ಜನರಿಗೆ ಗೊತ್ತಿರುವುದು ಅವನ ಮುಖ ಎಂದ. ಆಗಲಿ ಎಂದೆ.

ನನ್ನ ಲೆಕ್ಕ ಸರಳವಾಗಿತ್ತು. ಕಾರ್ಯಕ್ರಮ ಮಧ್ಯಾಹ್ನ ಎರಡಕ್ಕೆ. ಅದಕ್ಕೆ ಐದು ನಿಮಿಷ ಮೊದಲು, ಅವತ್ತಿನ ಹಾಗೆಯೇ, ತಣ್ಣಗಿನ ಯಂತ್ರದ ಸ್ವಿಚ್ ಹಾಕುವುದು. ಅವನು ನನ್ನ ಹೆಸರು ಹೇಳುತ್ತಾನೆ, ಯಂತ್ರ ಕೆಳಗಿಂದ ಏರುತ್ತದೆ, ಇಡೀ ಹಾಲ್ ಅದನ್ನು ಕೇಳುತ್ತದೆ. ಅವನಿಗೂ ಗುಟ್ಟು ಹೇಳಬೇಕಿಲ್ಲ. ಹೊಸ ನೀಲಿ ಉಡುಪು ಕೊಂಡೆ. ಅರವತ್ತೇಳನೇ ವಯಸ್ಸಿನಲ್ಲಿ ಕನ್ನಡಿಯ ಮುಂದೆ ಒಂದು ಬದಿ ತಿರುಗಿ ಇನ್ನೊಂದು ಬದಿ ತಿರುಗಿ ನೋಡಿಕೊಂಡೆ. ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಸಮಾರಂಭದ ದಿನ ಹತ್ತೂವರೆಗೆ ಹಾಲಿಗೆ ಹೋದೆ. ಯಂತ್ರವನ್ನು ವೇದಿಕೆಯ ಮೇಲೆ ಇಟ್ಟಿದ್ದರು. ಮ್ಯೂಸಿಯಂನ ರೋವೆನಾ ಎಂಬ ಹೆಂಗಸು, ಐವತ್ತರ ಆಸುಪಾಸು, ಬಿಳಿ ಗ್ಲೌಸು ಹಾಕಿಕೊಂಡು ಅದರ ಧೂಳು ಒರೆಸುತ್ತಿದ್ದಳು. ನೀವು ಬಂದದ್ದು ಒಳ್ಳೆಯದಾಯಿತು ಎಂದು ಮರ್ಯಾದೆಯಿಂದ ಮಾತಾಡಿಸಿ, ಜನರಿಗೆ ಹಂಚಲು ಬಂದಿದ್ದ ಪುಸ್ತಿಕೆಯ ಒಂದು ಪ್ರತಿ ಕೊಟ್ಟಳು.

ಒಳಗೆ ಕ್ಲೈವ್‌ನ ಸಂದರ್ಶನವಿತ್ತು. ಹೋದ ವಾರದ್ದು, ಅಂದರೆ ನನ್ನ ಚಹಾ ಕುಡಿದು ಹೋದ ಮೇಲಿನದ್ದು. ‘ಆ ಯಂತ್ರವನ್ನು ನಾನು, ನೆವಿಲ್ ನಮ್ಮ ಗ್ಯಾರೇಜಿನಲ್ಲಿ ಕಟ್ಟಿದೆವು. ನಮಗೆ ಬೆಸುಗೆ ಹಾಕಲೂ ಬರುತ್ತಿರಲಿಲ್ಲ, ಬೆರಳು ಸುಟ್ಟುಕೊಂಡು ಕಲಿತೆವು.’ ಎರಡು ಸಲ ಓದಿದೆ. ನನ್ನ ಬಲಗೈ ಹೆಬ್ಬೆರಳಿನಲ್ಲಿ ಈಗಲೂ ಆ ಬೆಸುಗೆಯ ಕಲೆಯಿದೆ. ಕೊನೆಯ ಪುಟದವರೆಗೆ ಹುಡುಕಿದೆ. ಮೇಯರ್ ಹೆಸರಿತ್ತು, ಸ್ಯಾಂಡ್‌ವಿಚ್ ಸರಬರಾಜಿನವರ ಹೆಸರಿತ್ತು. ನನ್ನದಿರಲಿಲ್ಲ.

ನನ್ನ ಸುಟ್ಟ ಬೆರಳನ್ನೂ ಬಿಡಲಿಲ್ಲವಲ್ಲ ಇವನು! ಗಡಿಯಾರ ನೋಡಿದೆ. ಹನ್ನೊಂದಕ್ಕೆ ಎರಡು ನಿಮಿಷ. ಹೊತ್ತಿಗೆ ಸರಿಯಾಗಿ ಸ್ವಿಚ್ ಹಾಕಲಾಗದವಳು ಎಂದಿದ್ದೆಯಲ್ಲ ಕ್ಲೈವ್, ತಗೋ. ಹನ್ನೊಂದಕ್ಕೆ ಸರಿಯಾಗಿ ಸ್ವಿಚ್ ಹಾಕಿದೆ. ನನ್ನ ಕೋಟನ್ನೇ ಹೊದಿಸಿದೆ. ಮೂರು ಗಂಟೆ ಅದರ ಪಕ್ಕ ಕೂತು, ಸ್ವರವನ್ನು ಮತ್ತೆ ಮತ್ತೆ ಕೂಡಿಸಿ, ಕೂದಲೆಳೆಯೂ ಅಲ್ಲಾಡದ ಹಾಗೆ ಮಾಡಿದೆ. ಹಾಡು ಹೆಣವಾಗಿ ಹೊರಗೆ ಬರಲಿ, ಸಾವಿರ ಜನರ ಮುಂದೆ ಇವನ ಬಣ್ಣ ಬಯಲಾಗಲಿ ಎಂದು ಹಲ್ಲು ಕಚ್ಚಿ ಕೂತೆ.

ಎರಡಕ್ಕೆ ಹಾಲ್ ತುಂಬಿತು. ನನ್ನ ವಯಸ್ಸಿನವರೇ ಹೆಚ್ಚು, ಹೊಟ್ಟೆಯ ಮೇಲೆ ಬಿಗಿಯಾದ ಹಳೆಯ ವಿಂಟರ್ ಡಿಪೋ ಅಂಗಿ ಹಾಕಿಕೊಂಡವರು. ಕ್ಲೈವ್ ಮೈಕಿನ ಮುಂದೆ ಬಂದು ವಂದನೆ ಹೇಳಿದ. ಮೇಯರ್‌ಗೆ, ನಗರಸಭೆಗೆ, ಲಾರಿಯವರಿಗೆ, "ಯಂತ್ರ ನೋಡಿಕೊಂಡ ಮ್ಯೂಸಿಯಂನ ಹಿಲರಿಗೆ", ಸ್ಯಾಂಡ್‌ವಿಚ್ಚಿನವರಿಗೆ. ಪರದೆಯ ಪಕ್ಕದಲ್ಲಿ ನಿಂತ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಸರಿಯಾದ ಕೆಲಸವನ್ನೇ ಮಾಡಿದ್ದೇನೆ ಎಂದು ಸಮಾಧಾನವೇ ಆಯಿತು.

ಜೂಲಿಯನ್ ಬಂದ. ಕಣ್ಣಿನ ಮೇಲೆ ಇಳಿಬಿಡಲು ಈಗ ಕೂದಲಿಲ್ಲ. ಮೊದಲ ಸ್ವರ ಒತ್ತಿದ. ಸ್ವಚ್ಛವಾಗಿ, ನೇರವಾಗಿ, ಆಸ್ಪತ್ರೆಯ ಗೋಡೆಯ ಹಾಗೆ ಬಂತು. ಎಲ್ಲಿಂದಲೂ ಹೊರಡಲಿಲ್ಲ, ಎಲ್ಲಿಗೂ ಹೋಗಲಿಲ್ಲ. ನಾನು ಜನರ ಮುಖ ನೋಡಿದೆ.

ಎರಡನೇ ಸಾಲಿಗೇ ಇಡೀ ಹಾಲ್ ಹಾಡಲು ಶುರುಮಾಡಿತು. ಫೋನು ಎತ್ತಿ ಹಿಡಿದು, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ, ಯಂತ್ರವೂ ಕೇಳಿಸದ ಹಾಗೆ, ಕ್ಲೈವ್‌ನ ದನಿಯೂ ಕೇಳಿಸದ ಹಾಗೆ. "ಮನೆಗೆ ಬಂದೆ" ಎಂಬಲ್ಲಿ ಅತ್ತರು. ಮೊದಲ ಸಾಲಿನಲ್ಲಿದ್ದ ಒಬ್ಬ ದಪ್ಪ ಗಂಡಸು ಮೂಗು ಒರೆಸಿಕೊಂಡು ಹೆಂಡತಿಯ ಕಡೆ ತಿರುಗಿ, ರೆಕಾರ್ಡಿನಲ್ಲಿದ್ದ ಹಾಗೇ ಇದೆಯಲ್ಲ ಎಂದ. ಯಾರಿಗೂ ಏನೂ ಗೊತ್ತಾಗಲಿಲ್ಲ. ನಲವತ್ತೈದು ವರ್ಷ ಯಾವುದನ್ನು ಈ ಹಾಡಿನ ಜೀವ ಎಂದುಕೊಂಡಿದ್ದೆನೋ ಅದನ್ನು ನಾನೇ ಕಿತ್ತು ತೆಗೆದಿದ್ದೆ. ಅದು ಇಲ್ಲವೆಂದು ಸಾವಿರ ಜನರಲ್ಲಿ ಒಬ್ಬರಿಗೂ ಅನಿಸಲಿಲ್ಲ.

ಎಲ್ಲ ಮುಗಿದು ಜನ ಕಲ್ಲು ನೋಡಲು ಹೊರಗೆ ಹೋದ ಮೇಲೆ ಕ್ಲೈವ್ ಬೆವರು ಒರೆಸಿಕೊಳ್ಳುತ್ತ ನನ್ನ ಬಳಿ ಬಂದ. ಹೆಸರಿನ ಮಾತು ತೆಗೆಯುತ್ತಾನೆ, ಏನೋ ಒಂದು ನೆಪ ಹೇಳುತ್ತಾನೆ ಎಂದುಕೊಂಡೆ. ಅವನಿಗೆ ಅದರ ನೆನಪೇ ಇರಲಿಲ್ಲ.

"ಹಿಲರಿ, ಇದನ್ನ ಯಾರಿಗೂ ಹೇಳ್ಬೇಡ" ಎಂದ. "ಆ ರೆಕಾರ್ಡು ನನಗೆ ಯಾವತ್ತೂ ಹಿಡಿಸಿಲ್ಲ. ಸ್ವರ ಕೆಟ್ಟಿದೆ ಅಂತ ಅವತ್ತೇ ಗೊತ್ತಿತ್ತು. ಜನ ಅದನ್ನೇ ಹೊಗಳಿದ್ರು, ನಾನೂ ಏನೋ ಒಂದು ಕಥೆ ಕಟ್ಟಿ ಹೇಳ್ಕೊಂಡು ಬಂದೆ. ಕೇಳಿದಾಗಲೆಲ್ಲ ಮೈಯೆಲ್ಲ ಮುಳ್ಳಾಗೋದು ನನಗೆ. ಇವತ್ತು ಮೊದಲನೇ ಸಲ ಸರಿಯಾಗಿ ಬಂತು ನೋಡು." ನನ್ನ ಹೆಗಲು ತಟ್ಟಿದ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಈ ಸಲ ಹೊತ್ತಿಗೆ ಸರಿಯಾಗಿ ಹಾಕಿದ್ದೀಯ ಚಿನ್ನ."

ಅವನು ಕಲ್ಲಿನ ಮುಂದೆ ಫೋಟೋ ತೆಗೆಸಿಕೊಳ್ಳಲು ಹೊರಟುಹೋದ.

ರೋವೆನಾ ತಂತಿ ಸುತ್ತುತ್ತಿದ್ದಳು. ಇವತ್ತಿನದನ್ನು ಪೂರ್ತಿ ರೆಕಾರ್ಡ್ ಮಾಡಿಕೊಂಡಿದ್ದೇವೆ, ಮ್ಯೂಸಿಯಂನಲ್ಲಿ ಯಂತ್ರದ ಪಕ್ಕ ಇದೇ ಕೇಳಿಸುತ್ತದೆ, ಹಳೆಯದು ಬೇಡ ಎಂದು ಕ್ಲೈವ್ ಈಗಷ್ಟೇ ಹೇಳಿದರು ಎಂದಳು. ಕಂಪನಿಯವರೂ ಇದನ್ನೇ ಹೊರಗೆ ತರುತ್ತಾರಂತೆ.

"ಇನ್ನೊಂದು ಸಲ ನುಡಿಸೋಣ. ಈಗ ಆರಿಸ್ತೀನಿ. ಪೂರ್ತಿ ತಣ್ಣಗಾದ ಮೇಲೆ, ಹಾಕಿದ ತಕ್ಷಣ ನಾನೇ ನುಡಿಸ್ತೀನಿ, ಅದನ್ನ ಇಟ್ಕೊಳ್ಳಿ" ಎಂದೆ. ನನ್ನ ದನಿ ಬೇಡುವವಳ ದನಿಯಾಗಿತ್ತು.

"ಆಗಲ್ಲ ಹಿಲರಿ. ಒಳಗಿನ ವೈರು ಹಳೇದು, ಬೆಂಕಿ ಹತ್ಕೊಂಡ್ರೆ ಕಷ್ಟ. ಒಂದೇ ಒಂದು ಸಲಕ್ಕೆ ಅಂತ ಒಪ್ಪಿಗೆ ತಗೊಂಡಿದ್ದು. ಇನ್ಮೇಲೆ ಇದನ್ನ ಹಾಕೋ ಹಾಗಿಲ್ಲ, ಗಾಜಿನ ಪೆಟ್ಟಿಗೆಗೆ ಹೋಗುತ್ತೆ" ಎಂದು ಅವಳು ಮೆತ್ತಗೆ ಹೇಳಿದಳು.

ಕೋಟು ತೆಗೆದುಕೊಂಡೆ. ಸ್ವಿಚ್ ಆರಿಸಿ ಮುಚ್ಚಳದ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ತಣ್ಣಗಾಗುವವರೆಗೆ ಇಲ್ಲೇ ಸ್ವಲ್ಪ ಹೊತ್ತು ಇರುತ್ತೇನೆ ಎಂದೆ. ರೋವೆನಾ ಗಡಿಯಾರ ನೋಡಿ, ಹಾಲನ್ನು ನಾಲ್ಕಕ್ಕೆ ಮುಚ್ಚುತ್ತಾರೆ ಎಂದಳು.